ಆರು ತಿಂಗಳ ರಜೆ ಸಿಗದವರಿಗೂ ಅಪಲಾಚಿಯನ್ ಟ್ರೈಲ್

ಪ್ರಶ್ನೆ: ನನಗೆ 41 ವರ್ಷ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಮಕ್ಕಳಿಗೆ 9 ಮತ್ತು 5. ಅಮೆರಿಕದ ಪೂರ್ವದ ಬೆಟ್ಟಸಾಲಿನ ಕಾಲುದಾರಿ ಅಪಲಾಚಿಯನ್ ಟ್ರೈಲ್ ಅನ್ನು ಪೂರ್ತಿ ನಡೆಯಬೇಕು ಅಂತ ತುಂಬಾ ಆಸೆ. ಆದರೆ ಆರು ತಿಂಗಳ ರಜೆ ಯಾರು ಕೊಡುತ್ತಾರೆ? ರಿಟೈರ್ ಆಗುವವರೆಗೂ ಕಾಯಬೇಕಾ? ಹೆಂಡತಿಯಂತೂ "ವಾರವೆಲ್ಲಾ ಆಫೀಸು, ಇನ್ನು ಶನಿವಾರ, ಭಾನುವಾರ ಕಾಡಾ?" ಅಂತಿದ್ದಾಳೆ.

ಉತ್ತರ: ಕಾಯಬೇಡಿ. ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯ, ಸುಮಾರು 2,200 ಮೈಲಿ, ಅಂದರೆ 3,500 ಕಿ.ಮೀ. ದಾರಿ ಇದು. ಒಂದೇ ಸಲಕ್ಕೆ ನಡೆಯುವವರಿಗೆ ಐದರಿಂದ ಏಳು ತಿಂಗಳು ಬೇಕು, ನಿಜ. ಆದರೆ ತುಂಡು ತುಂಡಾಗಿ ನಡೆದು ಮುಗಿಸಿದವರನ್ನೂ, ಈ ದಾರಿಯನ್ನು ನೋಡಿಕೊಳ್ಳುವ ಅಪಲಾಚಿಯನ್ ಟ್ರೈಲ್ ಕನ್ಸರ್ವೆನ್ಸಿ ಪೂರ್ತಿ ನಡೆದವರ ಪಟ್ಟಿಗೇ ಸೇರಿಸುತ್ತದೆ. ಇಷ್ಟೇ ವರ್ಷದಲ್ಲಿ, ಇದೇ ದಿಕ್ಕಿನಲ್ಲಿ ಅಂತ ಏನೂ ಇಲ್ಲ. ವರ್ಷಕ್ಕೆ 150 ಮೈಲಿ ನಡೆದರೂ ಹದಿನೈದು ವರ್ಷದೊಳಗೆ ಮುಗಿಯುತ್ತದೆ. ಆಗಲೂ ನೀವು ರಿಟೈರ್ ಆಗಿರುವುದಿಲ್ಲ!

ಮೊದಲು ಹತ್ತಿರದ್ದನ್ನು ಮುಗಿಸಿ. ನ್ಯೂಜೆರ್ಸಿಯಲ್ಲೇ 72 ಮೈಲಿ ಇದೆ. ಡೆಲವೇರ್ ವಾಟರ್ ಗ್ಯಾಪ್‌ನಿಂದ ಸನ್‌ಫಿಶ್ ಪಾಂಡ್‌ಗೆ ಹೋಗಿಬರಲು ಎಂಟು ಮೈಲಿಗೂ ಕಡಿಮೆ, ಶುರುವಿಗೆ ಸಾಕು. ಅಲ್ಲಿಂದಾಚೆಗೆ ಕಾರಿನ ತಲೆನೋವು ಬರುತ್ತದೆ. ಕಾರು ಒಂದು ತುದಿಯಲ್ಲಿ, ನೀವು ಇನ್ನೊಂದು ತುದಿಯಲ್ಲಿ. ಜೊತೆಗೊಬ್ಬ ಗೆಳೆಯನಿದ್ದರೆ ಎರಡೂ ಕಡೆ ಒಂದೊಂದು ಕಾರು ನಿಲ್ಲಿಸಬಹುದು. ನ್ಯೂಯಾರ್ಕ್ ಭಾಗಕ್ಕೆ ರೈಲಿದೆ. ಮೆಟ್ರೋ ನಾರ್ತ್‌ನ ಹಾರ್ಲೆಮ್ ಲೈನಿನಲ್ಲಿ, ಪಾಲಿಂಗ್ ಹತ್ತಿರ, ಅಪಲಾಚಿಯನ್ ಟ್ರೈಲ್ ಅಂತಲೇ ಒಂದು ಸ್ಟೇಷನ್. ವೀಕೆಂಡು, ರಜಾದಿನಗಳಲ್ಲಿ ಮಾತ್ರ ರೈಲು ನಿಲ್ಲುತ್ತದೆ, ನಮಗೆ ಬೇಕಾಗಿದ್ದೂ ಅದೇ ಅಲ್ವಾ? ದೂರದ ರಾಜ್ಯಗಳಿಗೆ ವರ್ಷಕ್ಕೊಮ್ಮೆ ನಾಲ್ಕೈದು ದಿನ ಎತ್ತಿಡಿ. ಪೆನ್ಸಿಲ್ವೇನಿಯಾ ಬರೀ ಕಲ್ಲು. ಮಂಡಿ ಗಟ್ಟಿ ಇರುವಾಗಲೇ ಅದನ್ನು ಮುಗಿಸುವುದು ಒಳ್ಳೆಯದು.

ಇನ್ನು ಮನೆಯವರ ಮಾತು. ನನ್ನ ಪ್ರಕಾರ ಅವರು ಕೇಳಿದ್ದು ಸರಿಯಾಗಿಯೇ ಇದೆ. ತಿಂಗಳಿಗೊಂದು ಶನಿವಾರ ನಿಮ್ಮದಾದರೆ ಇನ್ನೊಂದು ಪೂರ್ತಿ ಅವರದ್ದು. ಆ ದಿನ ಮಕ್ಕಳ ಕ್ಲಾಸು, ಅಡುಗೆ, ಬಟ್ಟೆ ಎಲ್ಲಾ ನಿಮ್ಮ ತಲೆಗೆ. "ಹೆಲ್ಪ್ ಮಾಡ್ತೀನಿ" ಅಂತ ಸುಮ್ನೆ ಹೇಳಬೇಡಿ, ಪೂರ್ತಿ ನೀವೇ ಮಾಡಿ. ಊರಿಗೆ ಹೋಗಲು ಇಟ್ಟ ರಜೆಗಂತೂ ಕೈ ಹಾಕಲೇಬೇಡಿ. ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದರೆ ನ್ಯೂಜೆರ್ಸಿಯಲ್ಲೇ ವರ್ನನ್ ಊರಿನ ಪೋಚಕ್ ಭಾಗ ಇದೆ. ಜೌಗಿನ ಮೇಲೆ ಮರದ ಹಲಗೆಯ ಸಮತಟ್ಟು ದಾರಿ, ಮಧ್ಯೆ ತೂಗುಸೇತುವೆ. ಐದು ವರ್ಷದವರೂ ಖುಷಿಯಾಗಿ ನಡೆಯುತ್ತಾರೆ.

ರಾತ್ರಿ ಉಳಿಯುವ ದಿನ ಅವಲಕ್ಕಿ, ಚಟ್ನಿಪುಡಿ ಇದ್ದರೆ ಚೀಲ ಹಗುರ. ಆದರೆ ಊಟವನ್ನು ಟೆಂಟಿನೊಳಗೆ ಇಡಬೇಡಿ. ಇದು ಕರಡಿಗಳ ಜಾಗ. ಹಲವು ತಂಗುದಾಣಗಳ ಬಳಿ ಕಬ್ಬಿಣದ ಪೆಟ್ಟಿಗೆ ಇರುತ್ತದೆ, ಅದರಲ್ಲೇ ಇಡಿ.

ಕರಡಿಗಿಂತ ಜಾಸ್ತಿ ಹುಷಾರಾಗಿರಬೇಕಾದ್ದು ಉಣುಗಿನ ಬಗ್ಗೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ತರುವಂತೆ ಇಲ್ಲಿ ಅದು ಲೈಮ್ ಕಾಯಿಲೆ ತರುತ್ತದೆ. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಮಕ್ಕಳು ಬಂದಿದ್ದರೆ ಅವರ ಕೂದಲೊಳಗೂ ಹುಡುಕಿ.