ಮಾತ್ರೆ ಬಿಟ್ಟ ಮೇಲೆ ತಲೆಯೊಳಗೆ ಮಿಂಚು

ಪ್ರಶ್ನೆ: ನನಗೆ 42 ವರ್ಷ. ಖಿನ್ನತೆಗೆಂದು ಒಂದೂವರೆ ವರ್ಷದಿಂದ ಪ್ಯಾರೊಕ್ಸೆಟಿನ್ ನುಂಗುತ್ತಿದ್ದೆ. ಗುಣವಾಯಿತೆಂದು ಕಳೆದ ವಾರ ನಾನೇ ನಿಲ್ಲಿಸಿದೆ. ಮೂರನೆಯ ದಿನದಿಂದ ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಕರೆಂಟು ಹೊಡೆದಂತಾಗುತ್ತದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋಗುವಾಗ ಗೋಡೆ ಹಿಡಿದು ನಡೆಯುತ್ತೇನೆ. ಮಾತ್ರೆ ಚಟವಾಗಿಬಿಟ್ಟಿದೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಇದು ಚಟವಲ್ಲ. ತಿಂಗಳುಗಟ್ಟಲೆ ಔಷಧಿಗೆ ಹೊಂದಿಕೊಂಡ ಮಿದುಳಿಗೆ ಅದು ದಿಢೀರನೆ ಸಿಗದಿದ್ದಾಗ ಇಂತಹ ಮಿಂಚು, ತಲೆಸುತ್ತು, ವಾಕರಿಕೆ, ವಿಚಿತ್ರ ಕನಸುಗಳು ಕಾಣಿಸಿಕೊಳ್ಳುತ್ತವೆ. ಖಿನ್ನತೆಗೇ ಕೊಡುವ ಇನ್ನೊಂದು ಮಾತ್ರೆ ಫ್ಲುಯಾಕ್ಸೆಟಿನ್ ದೇಹದಲ್ಲಿ ಹಲವು ದಿನ ಉಳಿದರೆ, ಪ್ಯಾರೊಕ್ಸೆಟಿನ್ ಪ್ರಮಾಣ ಸುಮಾರು 21 ಗಂಟೆಗಳಲ್ಲೇ ಅರ್ಧಕ್ಕಿಳಿಯುವುದರಿಂದ ಈ ತೊಂದರೆ ಅದರಲ್ಲಿ ಹೆಚ್ಚು. ಖಿನ್ನತೆಯೇ ಮರಳಿತೆಂದು ಹೆದರಬೇಡಿ. ಅದು ಸಾಮಾನ್ಯವಾಗಿ ವಾರಗಳಲ್ಲಿ ನಿಧಾನವಾಗಿ ಆವರಿಸುತ್ತದೆ, ತಲೆಯೊಳಗೆ ಕರೆಂಟು ಹೊಡೆಸುವುದಿಲ್ಲ.

ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಇಂದೇ ಸಂಪರ್ಕಿಸಿ. ಅನೇಕ ವೇಳೆ ಹಳೆಯ ಪ್ರಮಾಣವನ್ನೇ ಮತ್ತೆ ಆರಂಭಿಸಿ, ಲಕ್ಷಣಗಳು ಶಮನವಾದ ಮೇಲೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಕಡೆಯ ಸಣ್ಣ ಪ್ರಮಾಣವನ್ನು ಬಿಡುವುದೇ ಹೆಚ್ಚಿನವರಿಗೆ ಕಷ್ಟ, ಅಲ್ಲಿ ಅವಸರ ಸಲ್ಲದು. ದಿನ ಬಿಟ್ಟು ದಿನ ನುಂಗುವ ಉಪಾಯವನ್ನು ಬಹಳ ಮಂದಿ ಹೇಳುತ್ತಾರೆ. ರಕ್ತದಲ್ಲಿನ ಮಟ್ಟ ಏರಿಳಿಯುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ತಲೆ ಸುತ್ತುವಷ್ಟು ದಿನ ಸ್ಕೂಟರ್ ಮುಟ್ಟಬೇಡಿ, ಹಾಲಿನ ಕ್ಯಾನನ್ನು ಮನೆಯವರು ಹೊರಲಿ. ಇಳಿಸಿದ ದಿನಾಂಕ, ಪ್ರಮಾಣ, ಲಕ್ಷಣಗಳನ್ನು ಕ್ಯಾಲೆಂಡರಿನಲ್ಲೇ ಗುರುತು ಮಾಡಿಕೊಂಡರೆ ವೈದ್ಯರಿಗೂ ಅನುಕೂಲ. ಬದುಕೇ ಬೇಡವೆನಿಸಿದರೆ ಒಂದು ಗಳಿಗೆಯೂ ಕಾಯದೆ ಮನೆಯವರಿಗೆ ಹೇಳಿ ಹತ್ತಿರದ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.