ಸ್ಥಳೀಯ ಆಡಳಿತದಲ್ಲಿ ನಾಗರಿಕ ಕೇಂದ್ರಿತ ಕಾರ್ಯಸಂಸ್ಕೃತಿಯನ್ನು ಬೆಳೆಸುವುದು ಹೇಗೆ?

ತರಬೇತಿ ಶಿಬಿರ ಮತ್ತು ಘೋಷಣಾ ಫಲಕಗಳಿಂದ ಕಾರ್ಯಸಂಸ್ಕೃತಿ ಬದಲಾಗುತ್ತದೆ ಎಂಬುದರಲ್ಲಿ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಅರ್ಜಿಯೊಂದು ಸಾಗುವ ದಾರಿಯನ್ನು ಬದಲಿಸಿದಾಗ ಅದು ತಾನಾಗಿ ಬದಲಾಗತೊಡಗುತ್ತದೆ. ಜನನ ಪ್ರಮಾಣಪತ್ರದ ಪ್ರತಿಗಾಗಿ ಬಂದ ಅರ್ಜಿಯ ಹಿಂದೆಯೇ ಹಿರಿಯ ಅಧಿಕಾರಿಯೊಬ್ಬರು ಮೇಜಿನಿಂದ ಮೇಜಿಗೆ ನಡೆದು ನೋಡಲಿ: ಕೆಲಸಕ್ಕೆ ಬೇಕಾಗುವುದು ಕೆಲವೇ ನಿಮಿಷ, ಕಡತ ಕಾಯುವುದು ದಿನಗಟ್ಟಲೆ, ಅದೇ ಕಚೇರಿಯಲ್ಲಿರುವ ದಾಖಲೆಯನ್ನೇ ಅರ್ಜಿದಾರರಿಂದ ಮತ್ತೆ ಕೇಳುತ್ತಿರುವುದೂ ಕಾಣಿಸಬಹುದು. ಇಂತಹ ಅನಗತ್ಯ ಸಹಿ, ದಾಖಲೆಗಳನ್ನು ಕೈಬಿಟ್ಟು, ಸಣ್ಣಪುಟ್ಟ ತೀರ್ಮಾನಗಳ ಅಧಿಕಾರವನ್ನು ಕೌಂಟರಿನಲ್ಲಿ ಕುಳಿತವರಿಗೇ ಕೊಡಬೇಕು. ಏನನ್ನೂ ತೀರ್ಮಾನಿಸಲಾಗದವರಿಂದ ಸೌಜನ್ಯವನ್ನಷ್ಟೇ ನಿರೀಕ್ಷಿಸುವುದು ನ್ಯಾಯವಲ್ಲ (ಕಚೇರಿಗಳ ಸಿಡುಕಿಗೆ ಇದೂ ಒಂದು ಕಾರಣ).

ಬ್ರಿಟನ್ 1991ರಲ್ಲಿ ನಾಗರಿಕ ಸನ್ನದನ್ನು (ಸೇವೆಯ ಗುಣಮಟ್ಟ, ಕಾಲಮಿತಿಗಳ ಬಗ್ಗೆ ಕಚೇರಿಗಳು ಜನರಿಗೆ ಕೊಡುವ ಲಿಖಿತ ಭರವಸೆಯನ್ನು) ಜಾರಿಗೆ ತಂದ ಬಳಿಕ ಹಲವು ದೇಶಗಳು ಅದನ್ನು ಅನುಸರಿಸಿದವು; ಆದರೆ ವಿಳಂಬದ ಕಾರಣವನ್ನು ಬರೆದು ತಿಳಿಸುವ ಹೊಣೆಯಾಗಲಿ, ಮೇಲ್ಮನವಿಗೆ ಅವಕಾಶವಾಗಲಿ ಇಲ್ಲದಿದ್ದರೆ ಸನ್ನದು ಗೋಡೆಯ ಚೌಕಟ್ಟಿನಲ್ಲಿಯೇ ಉಳಿಯುತ್ತದೆ. ವಿಲೇವಾರಿ ಮಾಡಿದ ದೂರುಗಳ ಸಂಖ್ಯೆಯಿಂದಷ್ಟೇ ಸಿಬ್ಬಂದಿಯನ್ನು ಅಳೆಯತೊಡಗಿದರೆ, ರಸ್ತೆಯ ಗುಂಡಿಯನ್ನು ಮುಚ್ಚದೆ ದೂರನ್ನು ಮಾತ್ರ ಮುಚ್ಚುವ ಜಾಣತನ ಬೆಳೆಯುತ್ತದೆ. ಆದ್ದರಿಂದ ದೂರು ಕೊಟ್ಟವರು ಒಪ್ಪಿದ ಮೇಲೆಯೇ ಅದು ಮುಗಿಯಿತೆಂದು ದಾಖಲಿಸಬೇಕು.