ಸಂಪಾದಕರ ಉತ್ತರ: ‘ಅರ್ಧ ದಾರೀಲಿ ಇಳಿಸಿಬಿಟ್ಟರಲ್ಲ!’

ಹೊಸನಗರ ತಾಲೂಕಿನ ಓದುಗರಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉತ್ತರ ಮಾತ್ರ ಎಲ್ಲರೆದುರೇ ಕೊಡುತ್ತಿದ್ದೇನೆ.

ಉಳಿದವರಿಗಾಗಿ ಪತ್ರದ ಸಾರ ಇಷ್ಟು. ಅಡಿಕೆ ಕೊಯ್ಲು ಶುರುವಾದರೆ ಇವರ ಮನೆಯಲ್ಲಿ ರಾತ್ರಿ ಹತ್ತರವರೆಗೂ ಸುಲಿಯುವ ಕೆಲಸ. ಆಮೇಲೆ ಮಲಗುವ ಮುಂಚೆ ಸಿಗುವ ಅರ್ಧ ಗಂಟೆಯಲ್ಲಿ ಓದು. ದಪ್ಪ ಪುಸ್ತಕ ಹಿಡಿದರೆ ಮಾರನೇ ದಿನಕ್ಕೆ ಪಾತ್ರಗಳ ಹೆಸರೇ ಮರೆತಿರುತ್ತದಂತೆ. ಹಾಗಾಗಿ ಈ ಸಲ ಸಣ್ಣವನ್ನೇ ಆರಿಸಿ ನಾಲ್ಕು ಓದಿದ್ದಾರೆ: ‘ಸಂಸ್ಕಾರ’, ‘ಫಣಿಯಮ್ಮ’, ‘ಕರ್ವಾಲೊ’, ‘ಘಾಚರ್ ಘೋಚರ್’. ಇವುಗಳಲ್ಲಿ ‘ಫಣಿಯಮ್ಮ’ ಒಂದೇ ಪೂರ್ತಿ ಪುಸ್ತಕ, ಮಿಕ್ಕ ಮೂರೂ ಟಿಕೆಟ್ ತಗೊಂಡವರನ್ನು ಅರ್ಧ ದಾರಿಯಲ್ಲಿ ಇಳಿಸುವ ಬಸ್ಸಿನ ಹಾಗೆ ಎಂಬುದು ಇವರ ತೀರ್ಪು. ಮುಗಿಸುವುದಕ್ಕೆ ಸೋಮಾರಿತನವೋ, ಇಲ್ಲಾ ಇದೊಂದು ಫ್ಯಾಷನ್ನೋ ಎಂದು ಕೇಳಿದ್ದಾರೆ.

ಮೇಡಂ, ನಿಮ್ಮ ಪತ್ರದಲ್ಲಿ ‘ಆಶಯ’, ‘ಆಕೃತಿ’, ‘ಅನನ್ಯ’ ಇಂಥ ಒಂದು ಪದವೂ ಇಲ್ಲ. ಇಲ್ಲಿ ಅಳು ಬಂತು, ಇಲ್ಲಿ ಸಿಟ್ಟು ಬಂತು, ಇಲ್ಲಿ ನಿದ್ದೆ ಬಂತು ಎಂದು ಪುಟದ ಸಂಖ್ಯೆ ಸಮೇತ ಬರೆದಿದ್ದೀರಿ. ನಮ್ಮ ಟೇಬಲ್ಲಿಗೆ ಬರುವ ಪುಸ್ತಕ ಪರಿಚಯಗಳಲ್ಲಿ ಎಷ್ಟೋ ಜನ ಪುಸ್ತಕ ಓದಿದ್ದಾರೋ ಬರೀ ಬೆನ್ನುಡಿ ಓದಿದ್ದಾರೋ ಹೇಳುವುದು ಕಷ್ಟ. ನೀವು ಓದಿದ್ದೀರಿ. ಅದಕ್ಕೇ ನಿಮ್ಮ ಹತ್ತಿರ ಜಗಳ ಆಡಬೇಕು ಅನ್ನಿಸಿತು.

‘ಸಂಸ್ಕಾರ’ದಿಂದಲೇ ಶುರು ಮಾಡೋಣ. ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರು ತಮ್ಮೂರು ದೂರ್ವಾಸಪುರಕ್ಕೆ ಗಾಡಿ ಹತ್ತಿದರು, ಅಲ್ಲಿಗೆ ಪುಸ್ತಕ ಮುಗೀತು, ಊರಿಗೆ ಹೋಗಿ ಏನು ಹೇಳಿದರು ಅನ್ನೋದು ನಮಗೆ ಬೇಡವಾ ಎಂಬುದು ನಿಮ್ಮ ತಕರಾರು. ಕಥೆಯನ್ನು ಇನ್ನೊಮ್ಮೆ ನೆನೆಸಿಕೊಳ್ಳಿ. ಬ್ರಾಹ್ಮಣ್ಯ ಬಿಟ್ಟು ಚಂದ್ರಿಯನ್ನು ಇಟ್ಟುಕೊಂಡಿದ್ದ ನಾರಣಪ್ಪ, ಶಿವಮೊಗ್ಗೆಗೆ ಹೋಗಿ ಜ್ವರ ಹತ್ತಿಸಿಕೊಂಡು ಬಂದು ಸಾಯುತ್ತಾನೆ. ಹೆಣ ಸುಡುವವರು ಯಾರು ಎಂದು ಇಡೀ ಅಗ್ರಹಾರ ತಲೆ ಕೆಡಿಸಿಕೊಳ್ಳುತ್ತದೆ. ಹೆಣ ಇರುವ ತನಕ ಊಟ ಇಲ್ಲ. ಹಸಿವು ತಡೆಯಲಾರದೆ ದಾಸಾಚಾರ್ಯ ಪಾರಿಜಾತಪುರಕ್ಕೆ ಹೋಗಿ ಗುಟ್ಟಾಗಿ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ. ಇಲ್ಲಿ ನೋಡಿದರೆ ಇಲಿಗಳು ಸಾಯುತ್ತಿವೆ, ಮನೆಗಳ ಮೇಲೆ ಹದ್ದು ಬಂದು ಕೂತಿವೆ, ಶಂಖ ಊದಿ ಜಾಗಟೆ ಬಾರಿಸಿ ಅವನ್ನು ಓಡಿಸುತ್ತಿದ್ದಾರೆ. ಈ ಗಲಾಟೆಯ ನಡುವೆ ಚಂದ್ರಿ ಏನು ಮಾಡಿದಳು? ಮೀನು ವ್ಯಾಪಾರದ ಅಹಮದ್ ಬ್ಯಾರಿಯ ಸಹಾಯದಿಂದ ಹೆಣ ಸಾಗಿಸಿ, ರಾತ್ರೋರಾತ್ರಿ ಸುಡಿಸಿ, ಕುಂದಾಪುರದ ದಾರಿ ಹಿಡಿದಳು. ಅಲ್ಲಿಗೆ ಎಲ್ಲರೂ ಹೊಡೆದಾಡುತ್ತಿದ್ದ ಪ್ರಶ್ನೆ ಅರ್ಧ ಪುಸ್ತಕದಲ್ಲೇ ಬೂದಿಯಾಯಿತು. ಅದು ನಮಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ.

ಹಾಗಾದ ಮೇಲೆ ಅವರು ಊರಿಗೆ ಹೋಗಿ ಬಾಯಿ ಬಿಡಬೇಕಾದದ್ದು ನಾರಣಪ್ಪನ ವಿಷಯ ಅಲ್ಲ, ಚಂದ್ರಿಯ ಜೊತೆ ಕೂಡಿದ ತಮ್ಮದೇ ವಿಷಯ. ಬಿಡುತ್ತಾರೋ ಇಲ್ಲವೋ? ಮೇಳಿಗೆಯ ತೇರಿನ ದಿನ, ಹೆಂಡತಿ ಸತ್ತ ಸೂತಕ ಇಟ್ಟುಕೊಂಡೇ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತ ಮನುಷ್ಯನನ್ನು ನೀವು ನೋಡಿದ್ದೀರಿ. ಯಾರಾದರೂ ಗುರುತು ಹಿಡಿದಾರು ಎಂದು ಆತ ಪಡುವ ಪಾಡನ್ನೂ ನೋಡಿದ್ದೀರಿ. ಇನ್ನು ಹತ್ತು ಪುಟ ಬರೆದಿದ್ದರೆ ಅಗ್ರಹಾರದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಬಾಯಿಜಗಳ ಮತ್ತೊಂದು ಸುತ್ತು ಬರುತ್ತಿತ್ತು, ಅಷ್ಟೆ. 1965ರಲ್ಲಿ ಅನಂತಮೂರ್ತಿಯವರು ಅದನ್ನು ಬರೆಯದೇ ಬಿಟ್ಟದ್ದು ಒಳ್ಳೆಯದೇ ಆಯಿತು.

ನಾನು ಸಣ್ಣ ಪುಸ್ತಕ ಓದುವಾಗ ಅದು ಎಲ್ಲಿ ನಿಂತಿತು ಅಂತ ಮೊದಲು ನೋಡುವುದಿಲ್ಲ. ಅದು ಕೈಗೆ ತಗೊಂಡ ವಿಷಯ ಎಲ್ಲಿ ಮುಗಿಯಿತು ಅಂತ ನೋಡುತ್ತೇನೆ. ಎರಡೂ ಹತ್ತಿರ ಹತ್ತಿರ ಇದ್ದರೆ ಬರೆದವರನ್ನು ಸೋಮಾರಿ ಅನ್ನುವ ಹಾಗಿಲ್ಲ.

ಈ ಲೆಕ್ಕದಲ್ಲಿ, ಹಾರುವ ಓತಿಯೊಂದನ್ನು ಹುಡುಕಿ ಹೊರಟವರ ಕಥೆಯಾದ ತೇಜಸ್ವಿಯವರ 1980ರ ‘ಕರ್ವಾಲೊ’ ಕೂಡ ಪಾಸು. ‘ಅಷ್ಟು ಜನ ಅಷ್ಟು ಕಾಡು ಸುತ್ತಿ ಕೊನೆಗೆ ಓತಿ ಹಾರಿಹೋಯಿತಲ್ಲ’ ಎಂದು ನೀವು ಹೊಟ್ಟೆ ಉರಿಸಿಕೊಂಡಿದ್ದೀರಿ. ಸಿಕ್ಕಿದ್ದರೆ ಏನಾಗುತ್ತಿತ್ತು? ಬಾಟಲಿಯೊಳಗೆ ಹೋಗುತ್ತಿತ್ತು. ಆ ಪುಸ್ತಕದ ಜೀವ ಓತಿಯಲ್ಲಿಲ್ಲ, ಮಂದಣ್ಣನಲ್ಲಿದೆ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹುಟ್ಟಾ ವಿಜ್ಞಾನಿ. ಆ ಮರ್ಯಾದೆ ಅವನಿಗೆ ಮಲೆನಾಡಿನ ನಾರ್ವೆ ಕಾಡು ಹತ್ತುವ ಮುಂಚೆಯೇ ಸಂದಿದೆ. ಆದರೆ ‘ಇದರಲ್ಲಿ ಹೆಂಗಸರೆಲ್ಲಿ?’ ಎಂದು ಕೇಳಿದ್ದೀರಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಿರ್ಯಾನಿ ಕರಿಯಪ್ಪನಿಗೆ ಸಿಕ್ಕಷ್ಟು ಜಾಗ ಮಂದಣ್ಣನ ಮದುವೆಯ ಹುಡುಗಿಗೆ ಸಿಕ್ಕಿಲ್ಲ. ತೇಜಸ್ವಿ ಅಂದರೆ ಪ್ರಾಣ ಬಿಡುವವರೂ ಇದನ್ನು ಒಪ್ಪಬೇಕು.

‘ಫಣಿಯಮ್ಮ’ನ ವಿಷಯದಲ್ಲಿ ನನ್ನದು ಉಲ್ಟಾ ತಕರಾರು. ನಿಮಗೆ ಅದು ಪೂರ್ತಿ ಅನ್ನಿಸಿದ್ದು ಫಣಿಯಮ್ಮ ಹುಟ್ಟಿ, ಬಾಳಿ, ಸಾಯುತ್ತಾಳೆ ಎಂಬ ಕಾರಣಕ್ಕಾ? ನನಗೆ ಅದಕ್ಕಿಂತ ದೊಡ್ಡ ಆಶ್ಚರ್ಯ ಇನ್ನೊಂದಿದೆ. 1840ರಿಂದ 1952ರವರೆಗಿನ ಬದುಕು ಅದು. ಅಷ್ಟನ್ನೂ ಕೊಯ್ಲಿನ ರಾತ್ರಿಗಳಲ್ಲಿ ಓದಿ ಮುಗಿಸುವ ಸಣ್ಣ ಪುಸ್ತಕದಲ್ಲಿ ಹಿಡಿದದ್ದು ಹೇಗೆ? ಎಂ.ಕೆ. ಇಂದಿರಾ ವರ್ಷಗಟ್ಟಲೆ ಕಾಲವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಬೇಕಾದ ಒಂದು ರಾತ್ರಿ ಬಂದರೆ ಮಾತ್ರ ಕೂತು ಹೇಳುತ್ತಾರೆ. ತಲೆ ಬೋಳಿಸಿಕೊಂಡು, ಮಡಿಯಲ್ಲೇ ಸವೆದ ವಿಧವೆ, ಯಾರಿಗೂ ಗೊತ್ತಾಗದ ಹಾಗೆ ಹೋಗಿ ಮುಟ್ಟಬಾರದವಳು ಎನ್ನಿಸಿಕೊಂಡ ಹೆಂಗಸಿನ ಹೆರಿಗೆ ಮಾಡಿಸುವ ರಾತ್ರಿ ಅಂಥದ್ದು. ಆ ಸಣ್ಣ ಕೈ ಒಂದು ಮಗುವನ್ನು ಉಳಿಸುತ್ತದೆ. ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದ ದಾಕ್ಷಾಯಿಣಿಯ ಪರ ಇದೇ ಮುದುಕಿ ನಿಲ್ಲುವುದು ಆಮೇಲೆ ನಮಗೆ ವಿಚಿತ್ರ ಅನ್ನಿಸುವುದೇ ಇಲ್ಲ. ಈ ಕಥೆ ಇಂದಿರಾ ಅವರಿಗೆ ಬಂದದ್ದು ತಾಯಿಯ ಬಾಯಿಂದ. ಹಾಗಾಗಿಯೇ ಏನೋ, ತೀರ್ಥಹಳ್ಳಿ ಕಡೆಯ ಜಗಲಿಯಲ್ಲಿ ಕೂತು ಕೇಳಿದ ಹಾಗಿದೆ. ನನ್ನ ತಕರಾರು ಇಷ್ಟೇ: ಫಣಿಯಮ್ಮ ಸುಮ್ನೆ ಇರುವಾಗಲೂ ಲೇಖಕಿ ನಡುವೆ ಬಂದು ನಮಗೆ ಬುದ್ಧಿ ಹೇಳುತ್ತಾರೆ. ಫಣಿಯಮ್ಮನ ಮೌನ ಸಾಕಿತ್ತು.

‘ಘಾಚರ್ ಘೋಚರ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಇನ್ನೂ ಓದದವರಿದ್ದಾರೆ. ವಿವೇಕ ಶಾನಭಾಗರ ಈ ಕಥೆ 2013ರಲ್ಲಿ ನಮ್ಮ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದಲೇ ಬಂದದ್ದು. ‘ಆ ಮನೆಯಲ್ಲಿ ಒಬ್ಬರೂ ಒಳ್ಳೆಯವರಿಲ್ಲ’ ಎಂದಿದ್ದೀರಿ. ನಿಜ. ಆದರೆ ಹಳೇ ಮನೆಯಲ್ಲಿ ಇರುವೆ ಕಾಟ ತಡೆಯಲಾರದೆ ಸಾಯಿಸುತ್ತಿದ್ದವರು, ಬರಬರುತ್ತಾ ಸಾಯಿಸುವುದರಲ್ಲೇ ಖುಷಿ ಕಾಣುತ್ತಾರಲ್ಲ, ಆ ಭಾಗ ಓದುವಾಗ ಮೈ ಜುಮ್ಮೆಂದಿತು ಎಂದೂ ಬರೆದಿದ್ದೀರಿ. ಪುಸ್ತಕ ನಿಮಗೆ ಮುಟ್ಟಿದೆ ಹಾಗಾದರೆ. ಕಾಫಿ ಹೌಸಿನ ಕೊನೆಯ ಪುಟವನ್ನು ಇನ್ನೊಂದು ಸಲ, ನಿದ್ದೆ ಇಲ್ಲದ ಹೊತ್ತಿನಲ್ಲಿ ಓದಿ. ಹೇಳಬೇಕಾದ್ದನ್ನು ಹೇಳಿಯೇ ನಿಲ್ಲಿಸಿದ್ದಾರೆ, ಅದೂ ಮಾಣಿಯ ಬಾಯಲ್ಲಿ.

ಇನ್ನು ನಿಮ್ಮ ಮೈದುನನ ವಿಷಯ. ‘ಮಲೆಗಳಲ್ಲಿ ಮದುಮಗಳು’ ಓದದವರು ಓದುಗರೇ ಅಲ್ಲ ಎಂದು ರೇಗಿಸುತ್ತಾರಂತೆ. ಅದು ಓದಲೇಬೇಕಾದ ಪುಸ್ತಕ, ಅನುಮಾನ ಇಲ್ಲ. ಆದರೆ ಅಷ್ಟು ದಪ್ಪದ್ದನ್ನು ಕೊಯ್ಲು ಮುಗಿಸಿ ಮಳೆಗಾಲದಲ್ಲಿ ಹಿಡಿಯಿರಿ, ಕರೆಂಟ್ ಇದ್ದರೆ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಶುರುವಿನಲ್ಲೇ ಸಾರಿದ ಪುಸ್ತಕವನ್ನು ತೋರಿಸಿ ಅತ್ತಿಗೆಯನ್ನು ಅಮುಖ್ಯ ಮಾಡುವುದು ಕುವೆಂಪು ಅವರಿಗೂ ಇಷ್ಟವಾಗುತ್ತಿರಲಿಲ್ಲ ಎಂದು ಅವರಿಗೆ ಹೇಳಿ.

ಮುಂದೆ ಯಾವುದು ಓದಲಿ ಎಂದು ಕೇಳಿದ್ದೀರಿ. ಸಾಗರದ ನಾ. ಡಿಸೋಜ ಅವರ ‘ದ್ವೀಪ’ ಓದಿ. ಅದೂ ಸಣ್ಣದೇ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿಸಿದಾಗ ನೀರಿಗೆ ಹೋದ ಊರುಗಳ ಕಥೆ ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ‘ದ್ವೀಪ’ವೂ ಮುಳುಗುವ ಜಾಗ ಬಿಟ್ಟು ಹೋಗಲಾರದ ಒಂದು ಮನೆ, ಏರುವ ನೀರು, ಮಳೆ, ಇಷ್ಟನ್ನೇ ಇಟ್ಟುಕೊಂಡು ಬರೆದದ್ದು. ಗಿರೀಶ ಕಾಸರವಳ್ಳಿಯವರ ಸಿನಿಮಾ 2002ರಲ್ಲಿ ಬಂತು. ಅದನ್ನು ಪುಸ್ತಕ ಓದಿದ ಮೇಲೆಯೇ ನೋಡಿ. ಮೊದಲು ನೋಡಿದರೆ ನಾಗಿಯ ಜಾಗದಲ್ಲಿ ಸೌಂದರ್ಯ ಅವರ ಮುಖವೇ ಬಂದು ಕೂತುಬಿಡುತ್ತದೆ.

ಓದಿ ಬರೆಯಿರಿ. ಕೊನೆ ಹಿಡಿಸದಿದ್ದರೆ ಇನ್ನೂ ಉದ್ದಕ್ಕೆ ಬರೆಯಿರಿ. ಹಾಳೆಯ ಒಂದೇ ಬದಿಯಲ್ಲಿ ಬರೆದರೆ ಉಪಕಾರ. ಈ ಸಲ ಹಿಂದಿನ ಶಾಯಿ ಮುಂದಕ್ಕೆ ಇಳಿದು ನಮ್ಮ ಟೈಪ್ ಮಾಡುವ ಹುಡುಗಿ ನನ್ನನ್ನು ಚೆನ್ನಾಗಿ ಬೈದಿದ್ದಾಳೆ.

– ಸಂ.